ವೆಂಕಟಸುಬ್ಬಯ್ಯನವರ ದನದ ಧಾರಣೆ

ವೆಂಕಟಸುಬ್ಬಯ್ಯನವರು ಜೀವಮಾನದಲ್ಲಿ ಒಂದೇ ಒಂದು ಸಲ ಹಸುವನ್ನು ಮುಟ್ಟಿದ್ದರು. ಅದೂ ಷಡ್ಡಕ ಹರೀಶನ ಮನೆಯ ಗೃಹಪ್ರವೇಶದ ದಿನ, ಪುರೋಹಿತರು ಹೇಳಿದರೆಂದು, ಬಾಲದ ಕಡೆಯಿಂದ. ಹಸು ತಿರುಗಿ ನೋಡಿದ್ದೇ ತಡ, ಇವರು ಅಕ್ಷತೆಯ ತಟ್ಟೆ ಸಮೇತ ಶಾಮಿಯಾನದಿಂದಾಚೆ ಹೋಗಿ ನಿಂತಿದ್ದರು. ಇಂಥವರು ಮುಂದೆ ಸುತ್ತಮುತ್ತಲ ದನದ ವ್ಯಾಪಾರಕ್ಕೆಲ್ಲ ದಾರಿ ತೋರಿಸಲು ಹೊರಟರಲ್ಲ, ಅದಕ್ಕೂ ಆ ಗೃಹಪ್ರವೇಶವೇ ಕಾರಣ.

ಹರೀಶ ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಷೇರುಪೇಟೆಯ ಭವಿಷ್ಯ ಹೇಳುತ್ತಿದ್ದ. ಊಟದ ಪಂಕ್ತಿಯಲ್ಲಿ ಎಲ್ಲರೂ ಅವನ ಸುತ್ತಲೇ. "ಹರೀಶಣ್ಣ, ಈ ವಾರ ಯಾವುದು ತೊಗೋಬೋದು?" "ಹರೀಶ ಮಾವ, ಮಾರ್ಬಿಡ್ಲಾ, ಇಟ್ಕೊಳ್ಳಾ?" ಸರ್ಕಾರಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಅಂಕಿಅಂಶದ ಗುಮಾಸ್ತರಾಗಿದ್ದ ವೆಂಕಟಸುಬ್ಬಯ್ಯನವರನ್ನು ಅವತ್ತು ಜನ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಗೆ ಸಾರು ಬಂತಾ?"

ಅಗ್ರಹಾರದ ತಮ್ಮ ಮನೆಗೆ ವಾಪಸು ಬಂದ ವೆಂಕಟಸುಬ್ಬಯ್ಯನವರು ಆ ರಾತ್ರಿ ಊಟ ಮಾಡಲಿಲ್ಲ. ಮಧ್ಯಾಹ್ನದ ಹೋಳಿಗೆ ಇನ್ನೂ ಕರಗಿಲ್ಲವೆಂದರು. ಕರಗದೆ ಕೂತದ್ದು ಹೋಳಿಗೆಯಲ್ಲವೆಂದು ಹೆಂಡತಿ ಕಮಲಮ್ಮನವರಿಗೆ ಗೊತ್ತಿತ್ತು.

ಬೆಳಿಗ್ಗೆ ಎಂದಿನಂತೆ ಹಾಲಿನ ಚಾಮುಂಡಮ್ಮ ಬಂದಳು. ಪೂರ್ತಿ ಹೆಸರು ಚಾಮುಂಡೇಶ್ವರಿ. ಕುಂಬಾರಕೊಪ್ಪಲಿನಿಂದ ಮೊದಲ ಬಸ್ಸಿಗೆ ಕ್ಯಾನು ಹಿಡಿದು ಬಂದು, ಅಗ್ರಹಾರದ ಎಂಟು ಮನೆಗೆ ಹಾಲು ಹಾಕಿ ಹೋಗುವುದು ಇಪ್ಪತ್ತೆರಡು ವರ್ಷದ ವಾಡಿಕೆ. ಕಮಲಮ್ಮ ಹಿಂದಿನ ರಾತ್ರಿಯೇ ಹಿತ್ತಾಳೆ ಪಾತ್ರೆಯನ್ನು ಜಗಲಿಯ ಮೇಲೆ ಬೋರಲು ಹಾಕಿಡುವರು. ಚಾಮುಂಡಮ್ಮ ಅದನ್ನು ಮಗುಚಿ ಹಾಲು ಸುರಿದು, ಮೇಲೆ ಕೊಸರು ಹಾಕಿ, "ಅಮ್ಮಾವ್ರೇ, ಹಾಲು" ಎಂದು ಕೂಗುವಳು. ಅವತ್ತು ಕೂಗಿದ ಮೇಲೂ ನಿಂತಿದ್ದಳು.

"ಸೋಮಿನ ಕೊಟ್ಬುಡ್ಬೇಕು ಅಂತಿದೀನಿ, ಅಮ್ಮಾವ್ರೆ. ಅವಳ್ನ ಕಟ್ಟಾಕ್ತಿದ್ದ ಸೈಟ್ನಾಗೆ ಮನೆ ಕಟ್ತಾರಂತೆ. ಆಷಾಢ ಮುಗಿಯೋದ್ರೊಳಗೆ ಖಾಲಿ ಮಾಡು ಅಂದವ್ರೆ. ಮಂಡಿನೂ ಬಗ್ತಾ ಇಲ್ಲ ನಂಗೆ."

ಸೋಮಿ ಎಂದರೆ ಅವಳಿಗೆ ಉಳಿದಿದ್ದ ಒಂದೇ ಹಸು. ಸೋಮವಾರ ಹುಟ್ಟಿದ್ದು, ಕಂದುಬಣ್ಣ, ಹಣೆಯಲ್ಲಿ ಬಿಳಿ ಬೊಟ್ಟು.

"ಯಾರಿಗೆ ಕೊಡ್ತೀಯ?" ಎಂದರು ಕಮಲಮ್ಮ.

"ನಮ್ ತಂಗಿ ಮಗ ದೇವರಾಜು ಕೇಳ್ತಾವ್ನೆ. ಐವತ್ತೈದು ಸಾವ್ರ ಕೊಡ್ತೀನಿ ಅಂದವ್ನೆ. ಅವನ ಊರು ಬಸ್ನಾಗೆ ಅರ್ಧ ಗಂಟೆ. ಭಾನ್ವಾರ ಭಾನ್ವಾರ ಓಗಿ ನೋಡ್ಕಂಡು ಬರ್ಬೋದು."

ಒಳಗೆ ಪತ್ರಿಕೆ ಹಿಡಿದು ಕೂತಿದ್ದ ವೆಂಕಟಸುಬ್ಬಯ್ಯನವರ ಕಿವಿ ನಿಮಿರಿತು. "ಚಾಮುಂಡಮ್ಮ, ಐವತ್ತೈದು ಅನ್ನೋದು ಸರಿಯಾದ ಬೆಲೇನಾ? ಸಂತೆ ಧಾರಣೆ ಎಷ್ಟಿದೆ?"

"ಅದ್ಯಾರಿಗ್ ಗೊತ್ತು ಅಯ್ನೋರೆ? ಸಂತೆಗೆಲ್ಲ ನಮ್ಮನೆಯೋರು ಓಗೋರು. ಅವ್ರು ತೀರ್ಕಂಡ್ ಮೇಲೆ ನಾನು ಆ ಕಡೆ ತಲೆ ಆಕಿಲ್ಲ."

ವೆಂಕಟಸುಬ್ಬಯ್ಯನವರು ಪತ್ರಿಕೆಯನ್ನು ಹಿಂದು ಮುಂದು ತಿರುಗಿಸಿದರು. ಚಿನ್ನದ ಧಾರಣೆಯಿತ್ತು, ಕೊಬ್ಬರಿಯದಿತ್ತು, ರೇಷ್ಮೆಗೂಡಿನದೂ ಇತ್ತು. ದನದ್ದು ಇರಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದರೂ ಈ ಕೆಲಸ ಯಾರೂ ಮಾಡದೆ ತಮಗಾಗಿಯೇ ಬಿಟ್ಟಿದ್ದಾರೆಂದು ಅವರಿಗೆ ಹೊಳೆಯಿತು.

"ಕಮಲ, ನಾನು ಮಂಗಳವಾರ ಹುಣಸೆತೋಪಿನ ದನದ ಸಂತೆಗೆ ಹೋಗ್ತೀನಿ ಕಣೇ."

"ನೀವಾ? ಹಸು ಯಾವ ಕಡೆ ಮುಖ ಮಾಡಿದೆ ಅಂತ ನಿಮಗೆ ಗೊತ್ತಾಗೋದೇ ಅದು ಅಂಬಾ ಅಂದ ಮೇಲೆ."

ಹೆಂಡತಿಯ ಪ್ರೋತ್ಸಾಹವಿಲ್ಲದೆಯೇ ದೊಡ್ಡ ಕೆಲಸಗಳಾಗುವುದು ಎಂದುಕೊಂಡು ಅವರು ಹೊಸ ರಟ್ಟಿನ ಪುಸ್ತಕಕ್ಕೆ ಅರಿಶಿನ ಹಚ್ಚಿದರು.

ಹುಣಸೆತೋಪಿನ ಸಂತೆ ಊರಾಚೆಯ ಬಯಲು. ವೆಂಕಟಸುಬ್ಬಯ್ಯನವರು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು, ಜೇಬಿಗೆ ಮೂರು ಬಣ್ಣದ ಪೆನ್ನು ಸಿಕ್ಕಿಸಿಕೊಂಡು ಕಾಲಿಟ್ಟ ಕೂಡಲೇ ಸಂತೆಗೆ ಸಂತೆಯೇ ತಣ್ಣಗಾಯಿತು. ಯಾವುದೋ ತೆರಿಗೆಯವರು ಬಂದರೆಂದು ಸುದ್ದಿ ಹಬ್ಬಿತು. ಹಾಲು ಕೊಡುವ ಒಳ್ಳೆ ಹಸುವಿನ ಮುಂದೆ ಒಬ್ಬ ನಿಂತು, "ಮೂವತ್ತು ಸಾವ್ರಕ್ಕೂ ಯಾರೂ ಕೇಳ್ತಿಲ್ಲ ಸಾ, ಬಾಯ್ನಾಗೆ ಅಲ್ಲೂ ಇಲ್ಲ ಪಾಪ ಇದಕ್ಕೆ" ಎಂದ. ಹಸು ಆಗ ಹುಲ್ಲು ಅಗಿಯುತ್ತಿತ್ತು. ಇವರು ಎರಡನ್ನೂ ಬರೆದುಕೊಂಡರು.

ಒಂದು ವಿಷಯ ಮಾತ್ರ ಅವರ ಮನಸ್ಸಿಗೆ ತುಂಬ ಹಿಡಿಸಿತು. ಅಲ್ಲಲ್ಲಿ ಇಬ್ಬಿಬ್ಬರು ಎದುರುಬದುರು ನಿಂತು, ಮೇಲೊಂದು ಟವೆಲು ಮುಚ್ಚಿ, ಅದರೊಳಗೆ ಕೈಕೈ ಹಿಡಿದುಕೊಂಡು ಮಾತಿಲ್ಲದೆ ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕೈ ಬಿಟ್ಟು ನಗುತ್ತ ಹೋಗುತ್ತಿದ್ದರು. ವೆಂಕಟಸುಬ್ಬಯ್ಯನವರಿಗೆ ಕಣ್ಣು ತುಂಬಿ ಬಂತು. ಬರಿಗೈ ತಗುಲದಂತೆ ನಡುವೆ ವಸ್ತ್ರ! ಅಗ್ರಹಾರದಲ್ಲೇ ಹೋಗಿಬಿಟ್ಟ ಮಡಿ ದನದ ಸಂತೆಯಲ್ಲಿ ಉಳಿದಿದೆಯಲ್ಲ ಎಂದು ಮನೆಗೆ ಬಂದು ಕಮಲಮ್ಮನವರ ಮುಂದೆ ಅರ್ಧ ಗಂಟೆ ಹೇಳಿದರು.

ಮೊದಲ ವರದಿ ನೆಂಟರ ಗುಂಪಿಗೂ ಅಗ್ರಹಾರದ ಗುಂಪಿಗೂ ಹೋಯಿತು. "ವಾರದ ದನದ ಧಾರಣೆ: ಹಾಲಿನ ಹಸು ಸರಾಸರಿ ನಲವತ್ತೆಂಟು ಸಾವಿರ. ಬೇಡಿಕೆ: ಮಂದ. ವ್ಯಾಪಾರಿಗಳ ನಡುವೆ ಮಡಿಯುಕ್ತ ಹಸ್ತಲಾಘವ: ಮೂವತ್ತೊಂದು." ಕೆಳಗೆ ಬಣ್ಣದ ಪೆನ್ಸಿಲಿನಲ್ಲಿ ನಕ್ಷೆ. ಅಗ್ರಹಾರದಲ್ಲಿ ಯಾರಿಗೂ ಹಸುವಿರಲಿಲ್ಲವಾದ್ದರಿಂದ ಎಲ್ಲರೂ ಬಹಳ ಮೆಚ್ಚಿಕೊಂಡರು. ಹರೀಶ ಕೂಡ ಒಂದು ಹೆಬ್ಬೆಟ್ಟು ಕಳಿಸಿದ. ಆ ಹೆಬ್ಬೆಟ್ಟನ್ನು ವೆಂಕಟಸುಬ್ಬಯ್ಯನವರು ದಿನಕ್ಕೆ ನಾಲ್ಕು ಸಲ ನೋಡಿದರು.

ಒಬ್ಬರಿಂದ ಒಬ್ಬರಿಗೆ ಹೋಗುತ್ತ ಆ ವರದಿ ಸಂತೆಗೇ ಹೋಗಿ ಮುಟ್ಟಿತು. ತೆರಿಗೆಯವರಲ್ಲ, ಬೆಲೆ ಬರೆದು ಊರಿಗೆ ಹಂಚುವವರು ಎಂದು ಗೊತ್ತಾದ ಮೇಲೆ ಮುಂದಿನ ಮಂಗಳವಾರ ಅವರಿಗೆ ಸಿಕ್ಕ ಸ್ವಾಗತವೇ ಬೇರೆ. ಅವರ ಬಿಳಿ ಷರಟು ಬೇಲಿಯ ಹತ್ತಿರ ಕಂಡರೆ ಸಾಕು, "ಅಯ್ನೋರು ಬಂದ್ರು, ಜೋರಾಗ್ ಕೂಗ್ರಲೇ!" ಎಂದು ಒಬ್ಬ ಎಚ್ಚರಿಸುವನು. "ಅರವತ್ತೈದಕ್ಕೆ ಕೊಡಾಕಿಲ್ಲ!" ಎಂದು ಇತ್ತಲಿಂದ, "ಎಪ್ಪತ್ತು ಅಂದ್ರೂ ಕೊಡಾಕಿಲ್ಲ!" ಎಂದು ಅತ್ತಲಿಂದ. ಹಲ್ಲು ಉದುರಿದ ಮುದಿ ಎತ್ತಿನ ಯಜಮಾನನೂ ಇವರು ದಾಟಿ ಹೋಗುವಷ್ಟು ಹೊತ್ತು ಒಂದು ಲಕ್ಷ ಎಂದ. ಎಲ್ಲವೂ ರಟ್ಟಿನ ಪುಸ್ತಕ ಸೇರಿತು. ಎರಡನೆಯ ವಾರ ಐವತ್ತೆಂಟು, ಮೂರನೆಯ ವಾರ ಅರವತ್ತಾರು. ಹಸ್ತಲಾಘವ ನಲವತ್ತಮೂರು. "ಸೌಹಾರ್ದವೂ ಏರುಮುಖ" ಎಂದು ಷರಾ ಬರೆದರು.

ಇಷ್ಟಾದರೂ ಅವರಿಗೊಂದು ಅಳುಕಿತ್ತು. ಮೂವತ್ತೆರಡು ವರ್ಷದ ಅಂಕಿಅಂಶದ ಅಭ್ಯಾಸ. ಸರ್ಕಾರಿ ಲೆಕ್ಕದ ಜೊತೆ ತಾಳೆ ನೋಡಬೇಕೆಂದು ಸಂತೆ ಮೈದಾನದ ಮೂಲೆಯ ಸಣ್ಣ ಕಚೇರಿಗೆ ಹೋದರು. ಅಲ್ಲಿ ಶಿವಕಿರಣ್ ಎಂಬ ಗುಮಾಸ್ತ ಎದ್ದು ನಿಂತು ಕುರ್ಚಿ ಕೊಟ್ಟ. ಅವನ ವಾರದ ವರದಿ ನೋಡಿದರೆ, ಅರವತ್ತಾರು! ಒಂದು ರೂಪಾಯಿ ಆಚೀಚೆ ಇಲ್ಲ.

"ಆಹಾ! ಎಷ್ಟು ನಿಖರವಾಗಿ ಹೊಂದುತ್ತಲ್ರೀ!"

"ಹೊಂದ್ದೆ ಏನ್ಮಾಡುತ್ತೆ ಸರ್" ಎಂದ ಶಿವಕಿರಣ್, ವಿನಯದಿಂದ ತಲೆ ತಗ್ಗಿಸಿ. ಆರು ದಿನ ಆರು ಕೆಲಸ, ಏಳನೆಯ ದಿನ ಮೇಲಿನ ಕಚೇರಿಗೆ ವರದಿ ಹೋಗಲೇಬೇಕು. ವೆಂಕಟಸುಬ್ಬಯ್ಯನವರ ವಾಟ್ಸಾಪು ಬಂದ ಮೇಲೆ ಅವನಿಗೆ ದೊಡ್ಡ ಭಾರ ಇಳಿದಿತ್ತು. ಅದನ್ನು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಚಾಮುಂಡಮ್ಮನಿಗಾಗಿ ಜಗಲಿಯ ಮೇಲೆಯೇ ಕಾದಿದ್ದರು. ನಕ್ಷೆಯನ್ನು ಅವಳ ಮುಂದೆ ಹಿಡಿದು, ಕೆಂಪು ಗೆರೆಯ ಮೇಲೆ ಬೆರಳು ಏರಿಸುತ್ತ ಹೋದರು.

"ನೋಡಮ್ಮ, ಹೀಗೆ ಹೋಗ್ತಾ ಇದೆ. ಇನ್ನೆರಡು ವಾರಕ್ಕೆ ಎಂಬತ್ತು. ಸರ್ಕಾರದ ಲೆಕ್ಕವೂ ಇದನ್ನೇ ಹೇಳುತ್ತೆ. ಈಗ ಐವತ್ತೈದಕ್ಕೆ ಕೊಟ್ರೆ ಕೈಯಾರೆ ಕಳ್ಕೊಂಡ ಹಾಗೆ."

ಚಾಮುಂಡಮ್ಮ ಕೆಂಪು ಗೆರೆಯನ್ನು ಬಹಳ ಹೊತ್ತು ನೋಡಿದಳು. "ದೇವರಾಜು ಈ ಭಾನ್ವಾರ ಬತ್ತೀನಿ ಅಂದವ್ನೆ, ಅಯ್ನೋರೆ. ಅವಂಗೆ ಏನಂತ ಏಳ್ಲಿ?"

"ಕಾಯೋಕೆ ಹೇಳು. ಬೇಕಿದ್ರೆ ಎಂಬತ್ತು ಕೊಟ್ಟು ತೊಗೊಳ್ಳಿ."

ಒಳಗಿನಿಂದ ಕಮಲಮ್ಮ, "ಏನೂಂದ್ರೆ, ಅವಳ ಮನೆ ವಿಷಯ, ನಿಮಗ್ಯಾಕೆ?" ಎಂದರು.

"ಅಲ್ಲ ಅಮ್ಮಾವ್ರೆ, ಓದಿರೋರು ನಮ್ ಒಳ್ಳೇದಕ್ಕೆ ತಾನೆ ಏಳಾದು" ಎಂದಳು ಚಾಮುಂಡಮ್ಮ. ಈ ಮಾತು ಕೇಳಿ ವೆಂಕಟಸುಬ್ಬಯ್ಯನವರ ಎದೆ ಉಬ್ಬಿತು. ಆಮೇಲೆ ಎಷ್ಟೋ ದಿನ ಅವರಿಗೆ ನಿದ್ದೆಗೆಡಿಸಿದ್ದೂ ಇದೇ ಮಾತು.

ದೇವರಾಜು ಭಾನುವಾರ ಬಂದ. ದೊಡ್ಡಮ್ಮ ಎಂಬತ್ತು ಎಂದದ್ದು ಕೇಳಿ ಅವನು ಕಾಫಿ ಲೋಟವನ್ನು ಕೆಳಗಿಟ್ಟ. "ನಾನು ನಿನ್ ತಂಗಿ ಮಗ. ನನ್ಗಿಂತ ಅಗ್ರಾರದ ಕಾಗ್ದ ಎಚ್ಚಾಯ್ತಾ ನಿಂಗೆ? ಆಯ್ತು ಬುಡು ದೊಡ್ಡಮ್ಮ" ಎಂದು ಎದ್ದು ಹೋದ. ಆ ವಾರವೇ ಪಕ್ಕದೂರಲ್ಲಿ ಬೇರೆ ಹಸು ಕೊಂಡುಕೊಂಡ. ಸುದ್ದಿ ತಿಳಿದಾಗ ವೆಂಕಟಸುಬ್ಬಯ್ಯನವರು, "ಹೋಗ್ಲಿ ಬಿಡು, ನಮಗೇನು ಗಿರಾಕಿ ಬರವೇ? ಬೇಡಿಕೆ ತೀವ್ರ!" ಎಂದು ಸಮಾಧಾನ ಹೇಳಿದರು. ಆ ವಾರದ ಧಾರಣೆ ಎಪ್ಪತ್ತನಾಲ್ಕು.

ಆಷಾಢ ಮುಗಿಯಲು ನಾಲ್ಕು ದಿನವಿತ್ತು. ಸೈಟಿಗೆ ಜಲ್ಲಿ ಬಂದು ಬಿದ್ದು, ಸೋಮಿ ಜಲ್ಲಿರಾಶಿಗೆ ಒರಗಿ ನಿಲ್ಲುವಂತಾಯಿತು. ಇನ್ನು ಕಾಯುವಂತಿರಲಿಲ್ಲ. ಸಂತೆಗೆ ಜೊತೆಯಲ್ಲಿ ಬಾ ಎಂದು ಕರೆಯಲು ಚಾಮುಂಡಮ್ಮ ಫೋನು ಮಾಡಿದರೆ ದೇವರಾಜು ಎತ್ತಲಿಲ್ಲ. "ಅವನ್ಯಾಕೆ? ನಾನಿಲ್ವೇ?" ಎಂದರು ವೆಂಕಟಸುಬ್ಬಯ್ಯನವರು.

ಗೂಡ್ಸ್ ಆಟೋದಲ್ಲಿ ಹಿಂದೆ ಸೋಮಿ, ಅದರ ಕೊರಳು ಹಿಡಿದು ಚಾಮುಂಡಮ್ಮ. ಮುಂದೆ ಡ್ರೈವರಿನ ಪಕ್ಕ, ರಟ್ಟಿನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಇವರು. ಸಂತೆಯಲ್ಲಿ ಇಳಿದಾಗ ಗೌರವಕ್ಕೇನೂ ಕಡಿಮೆಯಿರಲಿಲ್ಲ. ಹತ್ತು ಜನ ಸುತ್ತುಗಟ್ಟಿದರು.

"ಎಂಬತ್ತು ಸಾವಿರ!" ಎಂದು ವೆಂಕಟಸುಬ್ಬಯ್ಯನವರು ಜೀವನದಲ್ಲಿ ಮೊದಲ ಸಲ ಬಹಿರಂಗವಾಗಿ ಕೂಗಿದರು.

"ಭೇಷ್ ಅಯ್ನೋರೆ!" ಎಂದು ಹತ್ತೂ ಜನ ಮೆಚ್ಚಿಕೊಂಡು ತಮ್ಮ ತಮ್ಮ ದಾರಿ ಹಿಡಿದರು.

ಹನ್ನೊಂದು ಗಂಟೆಯಾಯಿತು, ಹನ್ನೆರಡಾಯಿತು. ಕೊನೆಗೆ ಹೆಗಲ ಮೇಲೆ ಕೆಂಪು ಟವೆಲು ಹಾಕಿದ ದಲ್ಲಾಳಿಯೊಬ್ಬ ಬಂದ. ಸೋಮಿಯ ಹಲ್ಲು ನೋಡಿದ, ಕೆಚ್ಚಲು ಮುಟ್ಟಿದ, ಬೆನ್ನ ಮೇಲೆ ಕೈಯಾಡಿಸಿದ. ಆಮೇಲೆ ಚಾಮುಂಡಮ್ಮನ ಕಡೆ ನೋಡಿ, "ಯಾರ್ ಮಾತಾಡಾದು?" ಎಂದ.

"ಅಯ್ನೋರೇ" ಎಂದಳು ಅವಳು.

ದಲ್ಲಾಳಿ ಟವೆಲು ಬಿಚ್ಚಿ ಬಲಗೈ ಮೇಲೆ ಹೊದ್ದು ಮುಂದೆ ಚಾಚಿದ. ವೆಂಕಟಸುಬ್ಬಯ್ಯನವರಿಗೆ ರೋಮಾಂಚನವಾಯಿತು. ಇಷ್ಟು ದಿನ ದೂರದಿಂದ ಎಣಿಸುತ್ತಿದ್ದ ಹಸ್ತಲಾಘವ ಇವತ್ತು ತಮಗೇ ಬಂದಿದೆ! ವ್ಯಾಪಾರದ ಮಾತಿಗೆ ಮುಂಚೆ ಇದು ಮರ್ಯಾದೆ ಎಂದುಕೊಂಡು ಅವರು ಟವೆಲಿನೊಳಗೆ ಕೈಯಿಟ್ಟರು. ದಲ್ಲಾಳಿ ಅವರ ಮೂರು ಬೆರಳು ಹಿಡಿದು ಮುಖ ನೋಡಿದ. ಮೂರೇ ಏಕೆ ಹಿಡಿದ ಎಂದು ಇವರು ಯೋಚಿಸಲಿಲ್ಲ. ಮದುವೆಮನೆಯ ಬಾಗಿಲಲ್ಲಿ ಗಂಡಿನ ಕಡೆಯವರನ್ನು ಎದುರುಗೊಳ್ಳುವ ಹಾಗೆ, ಎಡಗೈಯನ್ನೂ ಒಳಗೆ ತೂರಿಸಿ, ಎರಡೂ ಕೈಯಲ್ಲಿ ಅವನ ಕೈಯನ್ನು ಗಟ್ಟಿಯಾಗಿ ಒತ್ತಿದರು.

ದಲ್ಲಾಳಿಯ ಬಾಯಿ ತೆರೆದುಕೊಂಡಿತು. "ಒತ್ತುಬುಟ್ರಾ?"

"ಮತ್ತೆ? ಸಂತೋಷ! ಬಹಳ ಸಂತೋಷ!" ಎಂದು ಇನ್ನೊಮ್ಮೆ ಒತ್ತಿದರು.

ಅವನು ತಡಮಾಡಲಿಲ್ಲ. ಅಂಗಿಯ ಒಳಜೇಬಿನಿಂದ ನೋಟಿನ ಕಟ್ಟು ತೆಗೆದು ಚಾಮುಂಡಮ್ಮನ ಮಡಿಲಿಗೆ ಹಾಕಿದ. ಮೂವತ್ತು ಸಾವಿರ.

"ಇದೇನ್ರೀ ಇದು? ಮುಂಗಡವಾ?" ಎಂದರು ವೆಂಕಟಸುಬ್ಬಯ್ಯನವರು.

"ಮುಂಗಡ ಎಂಗಾಯ್ತದೆ? ಮೂರು ಬೆರಳು ಇಡಿದೆ, ಮೂವತ್ತು. ಬ್ಯಾಡ ಅಂದ್ರೆ ಕೈ ಕೊಡವಬೇಕಿತ್ತು, ನಾನು ನಾಕು ಇಡೀತಿದ್ದೆ. ನೀವು ಒತ್ತುದ್ರಿ, ಅದೂ ಎರಡು ದಪ! ದೇವರಾಣೆ, ನಾನು ನಲವತ್ತೆಂಟರ ಗಂಟ ಬರೋನಿದ್ದೆ."

"ಆದ್ರೆ ಧಾರಣೆ ಎಪ್ಪತ್ನಾಲ್ಕು ಇದೆಯಲ್ರೀ! ನಾನೇ ಕಿವಿಯಾರೆ ಕೇಳಿ ಬರೆದಿದ್ದೀನಿ!"

"ಅಯ್ಯೋ ಅಯ್ನೋರೆ" ಎಂದ ದಲ್ಲಾಳಿ, ಮಗುವಿಗೆ ಹೇಳುವಂತೆ. "ಕೂಗೋದು ಊರಿಗೆ. ಕೊಡೋದು ಟವೆಲೊಳಗೆ. ಯಾರದು ಎಷ್ಟಕ್ಕೋಯ್ತು ಅಂತ ಪಕ್ಕದೋನಿಗೂ ತಿಳೀಬಾರ್ದು ಅಂತ ತಾನೆ ಟವೆಲು ಮುಚ್ಚಾದು. ನೀವು ಇಷ್ಟು ದಿನ ಕೂಗಿದ್ದೇ ಬರ್ಕಂಡ್ರಾ?"

ವೆಂಕಟಸುಬ್ಬಯ್ಯನವರ ಕೈಯಲ್ಲಿ ರಟ್ಟಿನ ಪುಸ್ತಕ ತೆರೆದೇ ಇತ್ತು. ಆ ನಾಲ್ಕು ವಾರದಲ್ಲಿ ಸಂತೆಯಲ್ಲಿ ನಡೆದ ನಿಜವಾದ ವ್ಯಾಪಾರವನ್ನೆಲ್ಲ ಅವರು ಒಂದೂ ಬಿಡದೆ ಎಣಿಸಿದ್ದರು. ಆದರೆ ಹಸ್ತಲಾಘವದ ಕಾಲಮಿನಲ್ಲಿ.

"ಈ ಮಾತು ನಾನು ಒಪ್ಪಲ್ಲ! ಗೊತ್ತಿಲ್ದೆ ಒತ್ತಿದ್ದು! ದುಡ್ಡು ವಾಪಸ್ ತೊಗೊಳ್ಳಿ!" ಎಂದು ಅವರು ಕೂಗಾಡಿದರು. ಜನ ಸೇರಿತು. ಕಚೇರಿಯ ಶಿವಕಿರಣನೂ ಓಡಿ ಬಂದು, ಒತ್ತಿದ್ದನ್ನು ವಾಪಸು ಒತ್ತಲು ನಿಯಮದಲ್ಲಿ ಅವಕಾಶವಿಲ್ಲವೆಂದ. ಆಗ ಚಾಮುಂಡಮ್ಮ ಅವರ ಪಕ್ಕ ಬಂದು ನಿಂತಳು.

"ಬುಡಿ ಅಯ್ನೋರೆ. ನಮ್ಮನೆಯೋರು ನಲವತ್ತು ವರ್ಸ ಈ ಸಂತೇಲಿ ಕೈ ಕೊಟ್ಟೋರು. ಒಂದು ದಿನಾನೂ ಒತ್ತಿದ ಕೈ ಇಂದಕ್ಕೆ ಎಳೀಲಿಲ್ಲ. ನನ್ ಪರವಾಗಿ ನೀವು ಒತ್ತಿದ್ದು, ನಾನೇ ಒತ್ತಿದಂಗೆ."

ಅವಳು ಸೋಮಿಯ ಕೊರಳಿನ ಹಗ್ಗ ಬಿಚ್ಚಿಕೊಂಡಳು. ಹಸು ಕೊಟ್ಟರೂ ಹಗ್ಗ ಕೊಡುವುದಿಲ್ಲ, ಅದು ಮಾರಿದವರ ಮನೆಗೇ ಬರಬೇಕು. ದಲ್ಲಾಳಿ ತನ್ನ ಹೊಸ ನೈಲಾನ್ ಹಗ್ಗ ಕಟ್ಟಿ ಎಳೆದ. ಸೋಮಿ ಎರಡು ಹೆಜ್ಜೆ ಹೋಗಿ ನಿಂತು, ತಿರುಗಿ ನೋಡಿತು. ಗೃಹಪ್ರವೇಶದ ಹಸು ತಿರುಗಿ ನೋಡಿದಾಗ ಹೆದರಿ ಓಡಿದ್ದ ವೆಂಕಟಸುಬ್ಬಯ್ಯನವರು ಈ ಸಲ ನಿಂತಲ್ಲೇ ನಿಂತರು. ಓಡಿಹೋಗಬಾರದೇ ಎಂದು ಈ ಸಲವೇ ಹೆಚ್ಚಾಗಿ ಅನ್ನಿಸಿತು.

ವಾಪಸು ಬರುವಾಗ ಬಸ್ಸು. ಚಾಮುಂಡಮ್ಮ ಆಧಾರ್ ಕಾರ್ಡು ತೋರಿಸಿ ಫ್ರೀ ಟಿಕೇಟು ತೆಗೆದುಕೊಂಡಳು. ಇವರು ದುಡ್ಡು ಕೊಟ್ಟು ತೆಗೆದುಕೊಂಡರು. ದಾರಿಯುದ್ದಕ್ಕೂ ಅವಳು ಹಗ್ಗವನ್ನು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಕೂತಿದ್ದಳು.

ಅವತ್ತು ಸಂಜೆಯೇ ವೆಂಕಟಸುಬ್ಬಯ್ಯನವರೂ ಕಮಲಮ್ಮನವರೂ ಕುಂಬಾರಕೊಪ್ಪಲಿಗೆ ಹೋದರು. ಐವತ್ತೈದರಲ್ಲಿ ಕಡಿಮೆ ಬಿದ್ದ ಇಪ್ಪತ್ತೈದು ಸಾವಿರವನ್ನು ತಟ್ಟೆಯಲ್ಲಿ ಎಲೆಯಡಿಕೆಯೊಂದಿಗೆ ಇಟ್ಟು ಅವಳ ಮುಂದೆ ಹಿಡಿದರು. ಚಾಮುಂಡಮ್ಮ ಎಲೆಯಡಿಕೆ ತೆಗೆದುಕೊಂಡು ತಟ್ಟೆಯನ್ನು ಹಿಂದಕ್ಕೆ ಸರಿಸಿದಳು.

"ದುಡ್ಡಿಂದೇನು ಬುಡಿ ಅಯ್ನೋರೆ, ಇವತ್ತು ಬತ್ತದೆ, ನಾಳೆ ಓಯ್ತದೆ. ನಂಗೆ ಬೇಕಾಗಿದ್ದು ಭಾನ್ವಾರ."

ಅದಕ್ಕೆ ಕೊಡಲು ವೆಂಕಟಸುಬ್ಬಯ್ಯನವರ ಬಳಿ ಏನೂ ಇರಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಬೈಯುವುದಕ್ಕೆ ಅವಳಿಗೆ, ಬೈಸಿಕೊಳ್ಳುವುದಕ್ಕೆ ಇವರಿಗೆ, ಇಬ್ಬರಿಗೂ ಹಕ್ಕಿತ್ತು. ಅವಳು ಕಾಫಿ ಮಾಡಿ ಕೊಟ್ಟಳು. ಹಾಲು ಅಂಗಡಿಯ ಪ್ಯಾಕೆಟ್ಟಿನದು.

ಮುಂದಿನ ಮಂಗಳವಾರ ಅವರು ಮತ್ತೆ ಹುಣಸೆತೋಪಿಗೆ ಹೋದರು. ಕೆಂಪು ಟವೆಲಿನವನನ್ನು ಹುಡುಕಿ ಹಿಡಿದು, ಸೋಮಿಯನ್ನು ಏನು ಬೆಲೆಗಾದರೂ ವಾಪಸು ಕೊಡು ಎಂದರು. "ಅದು ನನ್ ತಾವ ಇದ್ದಿದ್ದು ಅರ್ಧ ಗಂಟೆ ಅಯ್ನೋರೆ. ಅಲ್ಲೇ ಇನ್ನೊಬ್ಬಂಗೆ ಕೊಟ್ಟೆ, ಅವನು ಲಾರಿಯವಂಗೆ ಕೊಟ್ಟ. ಯಾವೂರು ಅಂತ ಯಾರ್ ಕೇಳ್ತಾರೆ? ಟವೆಲೊಳಗೆ ಬೆರಳು ಸಿಗ್ತದೆ, ಅಡ್ರೆಸ್ ಸಿಗಾಕಿಲ್ಲ" ಎಂದ.

ಆದರೂ ಅವರು ಪ್ರತಿ ಮಂಗಳವಾರ ಹೋಗುತ್ತಿದ್ದರು. ಬರೆಯುವುದಕ್ಕಲ್ಲ. ಕಂದು ಹಸು ಎಲ್ಲಿ ಕಂಡರೂ ಮುಂದಿನ ಕಡೆಯಿಂದಲೇ ಹೋಗಿ, ಹಣೆಯಲ್ಲಿ ಬಿಳಿ ಬೊಟ್ಟಿದೆಯೇ ಎಂದು ಬಗ್ಗಿ ನೋಡುತ್ತಿದ್ದರು. ಅವರಿಗೆ ಹಸುವಿನ ಭಯ ಹೋಗಿತ್ತು, ಹೋಗಿ ಪ್ರಯೋಜನವಿರಲಿಲ್ಲ.

ಗುಂಪಿನಲ್ಲಿ ಜನ ಬಿಡಲಿಲ್ಲ. "ಸುಬ್ಬಯ್ಯ ಮಾವ, ಈ ವಾರದ ಧಾರಣೆ ಎಲ್ಲಿ?" ಎಂದು ಹರೀಶನ ಸೊಸೆ ಬಿಂದು ಕೇಳಿದಳು. ಹರೀಶನೂ ಕೇಳಿದ. ವೆಂಕಟಸುಬ್ಬಯ್ಯನವರು ಬಹಳ ಹೊತ್ತು ಯೋಚಿಸಿ ಬರೆದರು: "ವಾರದ ದನದ ಧಾರಣೆ: ಗೊತ್ತಿಲ್ಲ. ಬೇಡಿಕೆ: ಗೊತ್ತಿಲ್ಲ. ಹಿಂದಿನ ನಾಲ್ಕು ವಾರವೂ ಗೊತ್ತಿರಲಿಲ್ಲ. ಕ್ಷಮಿಸಿ." ಅದಕ್ಕೆ ಹರೀಶನ ಹೆಬ್ಬೆಟ್ಟು ಬರಲಿಲ್ಲ. ಆದರೆ ಶಿವಕಿರಣನ ಸರ್ಕಾರಿ ವರದಿಯಲ್ಲಿ ಆ ವಾರದ ಎಲ್ಲ ಕಾಲಮಿನಲ್ಲೂ "ಗೊತ್ತಿಲ್ಲ" ಎಂದೇ ಇತ್ತಂತೆ, ಮೇಲಿನ ಕಚೇರಿಯವರು ಅದನ್ನೂ ಸಹಿ ಹಾಕಿ ಸ್ವೀಕರಿಸಿದರಂತೆ.

ಶ್ರಾವಣ ಬಂತು. ಕಮಲಮ್ಮ ಮಾತ್ರ ರಾತ್ರಿ ಹಿತ್ತಾಳೆ ಪಾತ್ರೆಯನ್ನು ಜಗಲಿಯ ಮೇಲೆ ಬೋರಲು ಹಾಕುವುದನ್ನು ಬಿಟ್ಟಿರಲಿಲ್ಲ. "ಅದನ್ಯಾಕೆ ಇಡ್ತೀಯೆ ಇನ್ನು?" ಎಂದು ಗಂಡ ಕೇಳಿದರೆ, "ಕೈ ಹೋಗುತ್ತೆ, ಇಡ್ತೀನಿ" ಎನ್ನುವರು. ಬೆಳಿಗ್ಗೆ ಖಾಲಿ ಪಾತ್ರೆಯನ್ನು ಒಳಗೆ ತಂದು ಸುಮ್ಮನೆ ತೊಳೆಯುವರು.

ಒಂದು ಬೆಳಿಗ್ಗೆ ಜಗಲಿಯಲ್ಲಿ ಪಾತ್ರೆಯ ಸದ್ದಾಯಿತು. "ಅಮ್ಮಾವ್ರೇ, ಹಾಲು!"

ವೆಂಕಟಸುಬ್ಬಯ್ಯನವರು ಜುಟ್ಟು ಕಟ್ಟುವುದನ್ನೂ ಮರೆತು ಆಚೆ ಓಡಿ ಬಂದರು. ಚಾಮುಂಡಮ್ಮ ಪಾತ್ರೆ ಮಗುಚಿ ನಿಂತಿದ್ದಳು. ಕ್ಯಾನಿನ ಬದಲು ಅವಳ ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿಯಿತ್ತು. ಹಾಲಿನ ಅಂಗಡಿಯವರು ಪ್ಯಾಕೆಟ್ಟು ಹಾಕುವ ಕೆಲಸ ಕೊಟ್ಟಿದ್ದರು. ಅವಳೇ ಈ ಎಂಟು ಮನೆಯನ್ನು ಕೇಳಿ ಪಡೆದಿದ್ದಳು. ಒಂದು ಪ್ಯಾಕೆಟ್ಟು ತೆಗೆದು ಹಿತ್ತಾಳೆ ಪಾತ್ರೆಯೊಳಗಿಟ್ಟಳು. ಕೊಸರು ಹಾಕಲು ಏನೂ ಇಲ್ಲದ್ದರಿಂದ ಕೈ ಒಂದು ಗಳಿಗೆ ಬುಟ್ಟಿಯ ಮೇಲೇ ನಿಂತಿತು.

ವೆಂಕಟಸುಬ್ಬಯ್ಯನವರಿಗೆ ಏನಾದರೂ ಹೇಳಬೇಕಿತ್ತು. ಹಳೆಯ ಅಭ್ಯಾಸದಲ್ಲಿ, "ಎಷ್ಟಮ್ಮ ಇದಕ್ಕೆ?" ಎಂದುಬಿಟ್ಟರು.

ಚಾಮುಂಡಮ್ಮ ಪ್ಯಾಕೆಟ್ಟನ್ನು ಅವರ ಕಡೆ ತಿರುಗಿಸಿದಳು. ದನಿಯಲ್ಲಿ ಕೊಂಕಿರಲಿಲ್ಲ, ಕೋಪವೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಗೊತ್ತಿದ್ದವರ ಬಗ್ಗೆ ಇರುವ ಕಾಳಜಿಯಷ್ಟೇ ಇತ್ತು.

"ಬೆಲೆ ಮೇಲೇ ಬರ್ದವ್ರೆ, ಅಯ್ನೋರೆ. ನೀವು ಲೆಕ್ಕ ಆಕಿ ಕಷ್ಟ ಪಡ್ಬ್ಯಾಡಿ."